ಲೆನ್ಸಿನೊಳಗೆ ನೀರಿದ್ದರೂ ಅದರ ಮೈ ಏಕೆ ಒದ್ದೆಯಾಗುವುದಿಲ್ಲ?

ಪ್ರಶ್ನೆ: ನಾಲ್ಕು ವರ್ಷಗಳಿಂದ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಧರಿಸುತ್ತಿದ್ದೇನೆ. ತಿಂಗಳಿಗೊಮ್ಮೆ ಬದಲಾಯಿಸುವ ಸಿಲಿಕೋನ್ ಹೈಡ್ರೊಜೆಲ್ ಲೆನ್ಸ್. ಮೊದಲ ವಾರ ಏನೂ ತೊಂದರೆ ಇರುವುದಿಲ್ಲ. ಎರಡನೆಯ ವಾರದಿಂದ ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಣಗಿದಂತಾಗಿ ಅಕ್ಷರಗಳು ಮಸುಕಾಗುತ್ತವೆ. ರೆಪ್ಪೆ ಬಡಿದರೆ ಮತ್ತೆ ತಿಳಿಯಾಗುತ್ತವೆ. ಲೆನ್ಸನ್ನು ತೆಗೆದು ಬೆರಳ ತುದಿಯಲ್ಲಿಟ್ಟು ನೋಡಿದರೆ ದ್ರಾವಣ ಅದರ ಮೇಲೆ ಹರಡದೆ ಹನಿಹನಿಯಾಗಿ ನಿಲ್ಲುತ್ತದೆ. ನೀರಿನಂಶ ಹೆಚ್ಚಿರುವ ಲೆನ್ಸ್ ಕೊಂಡರೆ ಸರಿಹೋಗುತ್ತದೆಯೇ? ಮೇಲ್ಮೈ ಚೆನ್ನಾಗಿ ಒದ್ದೆಯಾಗುವಂತೆ ಮನೆಯಲ್ಲೇ ಏನಾದರೂ ಮಾಡಬಹುದೇ? ಮಕ್ಕಳ ಶಾಂಪೂವಿನಲ್ಲಿ ನೆನೆಸಿ ತೊಳೆದರೆ ಹೊಸದರಂತಾಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ನಾನು ರಸಾಯನಶಾಸ್ತ್ರ ಓದಿದವಳು. ಕಾರಣವನ್ನೂ ವಿವರಿಸಿದರೆ ಸಂತೋಷ.

ಉತ್ತರ: ಶಾಂಪೂವಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ: ಬೇಡ. ಏಕೆ ಬೇಡ ಎಂಬುದು ಮುಂದೆ ತಾನಾಗಿ ಬರುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ‘ಹನಿಹನಿಯಾಗಿ ನಿಲ್ಲುತ್ತದೆ’ ಎಂಬ ಮಾತು. ಲೆನ್ಸ್ ಒಣಗುತ್ತದೆ ಎಂದು ಹೇಳಿಕೊಂಡು ಬರುವವರು ಬೇಕಾದಷ್ಟು ಮಂದಿ. ಅದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ ಬರುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ನೀವು ಕಂಡದ್ದೇ ತೊಂದರೆಯ ಬೇರು. ನಿಮ್ಮ ಲೆನ್ಸಿನೊಳಗೆ ನೀರು ಬೇಕಾದಷ್ಟಿದೆ. ಅದರ ಮೈ ಮಾತ್ರ ಒದ್ದೆಯಾಗಲು ಒಲ್ಲೆ ಎನ್ನುತ್ತಿದೆ.

ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಎಲ್ಲ ಗೊಂದಲ ಶುರುವಾಗುತ್ತದೆ. ಕೊಡದ ತುಂಬ ನೀರಿರಲಿ, ಅದರ ಹೊರಮೈಗೆ ಎಣ್ಣೆ ಸವರಿದ್ದರೆ ಮೇಲೆ ಸುರಿದ ನೀರು ಮಣಿಮಣಿಯಾಗಿ ಉರುಳಿಹೋಗುತ್ತದೆ. ಲೆನ್ಸಿನ ವಿವರದಲ್ಲಿ ಕಾಣುವ ನೀರಿನಂಶದ ಶೇಕಡಾವಾರು ಲೆಕ್ಕ ಕೊಡದೊಳಗಿನದು. ನಿಮ್ಮ ಕಣ್ಣೀರಿಗೆ ಎದುರಾಗುವುದು ಹೊರಮೈ, ಅದರಲ್ಲೂ ತೀರ ಮೇಲಿನ ಕೆಲವು ನ್ಯಾನೊಮೀಟರುಗಳು. ಲೋಟ್ರಾಫಿಲ್ಕಾನ್ ಎ ಎಂಬ ವಸ್ತುವಿನಲ್ಲಿ ನೀರಿನಂಶ 24% ಮಾತ್ರ. ಹಳೆಯ ಕಾಲದ ಹೈಡ್ರೊಜೆಲ್ (ನೀರು ಹೀರಿಕೊಂಡ ಮೆತ್ತನೆಯ ಪಾಲಿಮರ್) ಲೆನ್ಸ್‌ಗಳಲ್ಲಿ ಅದರ ಎರಡು, ಮೂರು ಪಟ್ಟು ನೀರಿರುವವೂ ಇದ್ದವು. ಹಾಗೆಂದು ಅವೆಲ್ಲ ಅದಕ್ಕಿಂತ ಚೆನ್ನಾಗಿ ಒದ್ದೆಯಾಗುತ್ತಿದ್ದವು ಎಂದೇನೂ ಇಲ್ಲ.

ಒದ್ದೆಯಾಗುವ ಗುಣವನ್ನು ಅಳೆಯುವುದು ಸ್ಪರ್ಶಕೋನದಿಂದ. ಸಮತಟ್ಟಾದ ಮೇಲ್ಮೈಯ ಮೇಲೆ ಒಂದು ಹನಿ ಇಟ್ಟು ಪಕ್ಕದಿಂದ ನೋಡಿದರೆ, ಹನಿಯ ಅಂಚು ಮೇಲ್ಮೈಯೊಂದಿಗೆ ಒಂದು ಕೋನ ಮಾಡಿಕೊಂಡಿರುತ್ತದೆ. ಚೊಕ್ಕಟವಾಗಿ ತೊಳೆದ ಗಾಜಿನ ಮೇಲೆ ಹನಿ ಚಪ್ಪಟೆಯಾಗಿ ಹರಡುತ್ತದೆ, ಕೋನ ಸೊನ್ನೆಯ ಹತ್ತಿರ. ಬರಿಯ ಸಿಲಿಕೋನ್ ರಬ್ಬರಿನ ಮೇಲೆ ಗುಂಡಗೆ ಕೂರುತ್ತದೆ, ಕೋನ ಸುಮಾರು 110 ಡಿಗ್ರಿ. ಥಾಮಸ್ ಯಂಗ್ 1805ರಲ್ಲೇ ಇದರ ಲೆಕ್ಕ ಹೇಳಿಟ್ಟಿದ್ದಾನೆ: ಘನ, ದ್ರವ ಮತ್ತು ಗಾಳಿ ಸೇರುವ ಗೆರೆಯಲ್ಲಿ ಮೂರು ಕಡೆಯಿಂದ ಹಗ್ಗಜಗ್ಗಾಟ ನಡೆಯುತ್ತದೆ, ಅದು ಎಲ್ಲಿ ಸಮವಾಗುತ್ತದೆಯೋ ಅಲ್ಲಿ ಕೋನ ನಿಲ್ಲುತ್ತದೆ. ಅಂದಮೇಲೆ ಹನಿ ಹರಡಬೇಕಾದರೆ ದಾರಿ ಎರಡೇ. ಘನದ ಮೇಲ್ಮೈಯನ್ನು ನೀರಿಗೆ ಪ್ರಿಯವಾಗುವಂತೆ ಬದಲಾಯಿಸಬೇಕು, ಇಲ್ಲವೇ ದ್ರವದ ಮೇಲ್ಮೈ ಎಳೆತವನ್ನು ತಗ್ಗಿಸಬೇಕು. ಲೆನ್ಸ್ ತಯಾರಕರು ಮಾಡುವುದು ಮೊದಲನೆಯದು. ಎರಡನೆಯದನ್ನು ನಮ್ಮ ದೇಹ ತಾನೇ ಮಾಡಿಕೊಂಡಿದೆ. ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಇದ್ದರೆ, ಕಣ್ಣೀರಿನದು 42ರಿಂದ 46ರ ಆಸುಪಾಸು. ಅದರಲ್ಲಿರುವ ಪ್ರೋಟೀನು, ಲೋಳೆಯಂಥ ಮ್ಯೂಸಿನ್ ಮತ್ತು ಕೊಬ್ಬಿನ ಅಂಶಗಳ ಕೈವಾಡ ಅದು.

ಇಷ್ಟಿದ್ದೂ ಕಣ್ಣೀರು ಸೋಲುವುದೇಕೆ? ಕಣ್ಣಿನ ಮೇಲಿನ ಕಣ್ಣೀರಿನ ಪದರದ ದಪ್ಪ ಸುಮಾರು 3 ಮೈಕ್ರಾನ್. ಲೆನ್ಸಿನ ನಡುಭಾಗ 80 ಮೈಕ್ರಾನಿನಷ್ಟು ದಪ್ಪ. ಅಂಗುಲ ದಪ್ಪದ ಹಲಗೆಯನ್ನು ತಂದು ಕಾಗದದಷ್ಟು ತೆಳುವಾದ ನೀರಿನಲ್ಲಿ ತೇಲಿಸಿದಂತೆ. ಲೆನ್ಸ್ ಕೂತ ಕೂಡಲೇ ಆ ಪದರ ಸೀಳಿಕೊಂಡು ಒಂದು ಪಾಲು ಕೆಳಗೆ, ಒಂದು ಪಾಲು ಮೇಲೆ ಉಳಿಯುತ್ತದೆ. ಆವಿಯಾಗದಂತೆ ಹೊದ್ದಿಕೆಯಂತಿರುವ ಕೊಬ್ಬಿನ ಪದರವೂ ಲೆನ್ಸಿನ ಮೇಲೆ ಅಷ್ಟು ಚೆನ್ನಾಗಿ ಹರಡಿಕೊಳ್ಳುವುದಿಲ್ಲ. ಇನ್ನು ಲೆನ್ಸಿನ ಮೈಯೂ ಮುನಿಸಿಕೊಂಡರೆ ಕತೆ ಮುಗಿಯಿತು.

ಈ ಮುನಿಸಿನ ಮೂಲಕ್ಕೆ ಹೋಗಲು ಸ್ವಲ್ಪ ಇತಿಹಾಸ ಬೇಕು. ಸಾಫ್ಟ್ ಲೆನ್ಸಿನ ಜನಕ ಝೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ. 1961ರ ಕ್ರಿಸ್‌ಮಸ್ ಸಮಯದಲ್ಲಿ, ಮಕ್ಕಳ ಲೋಹದ ಜೋಡಣೆ ಆಟಿಕೆಯ ಬಿಡಿಭಾಗಗಳಿಂದ ಮನೆಯಲ್ಲೇ ಒಂದು ಯಂತ್ರ ಕಟ್ಟಿ, ಸೈಕಲ್ ಡೈನಮೊದಿಂದ ತಿರುಗಿಸಿ ಮೊದಲ ಲೆನ್ಸ್‌ಗಳನ್ನು ಎರಕ ಹೊಯ್ದರು. ಅವರ ವಸ್ತು ಪಾಲಿಹೆಮಾ ಎಂಬ, ನೀರು ಹೀರುವ ಪಾಲಿಮರ್ ಜೆಲ್. ನೀರಿನಂಶ ಸುಮಾರು 38%. ಮೆತ್ತಗಿತ್ತು, ಕಣ್ಣಿಗೆ ಹಿತವಾಗಿತ್ತು. ಆದರೆ ಇಂಥ ಜೆಲ್‌ನಲ್ಲಿ ಆಮ್ಲಜನಕ ಸಾಗುವುದು ಅದರೊಳಗಿನ ನೀರಿನ ಮೂಲಕ, ಅದೂ ಕುಂಟುತ್ತ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಅದು ಗಾಳಿಯಿಂದಲೇ ಉಸಿರಾಡಬೇಕು. ಸಿಲಿಕೋನ್ ಆಮ್ಲಜನಕವನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ ಎಂದು ಬರಿಯ ಸಿಲಿಕೋನ್ ರಬ್ಬರಿನ ಲೆನ್ಸ್‌ಗಳನ್ನೂ ಮಾಡಿ ನೋಡಿದರು. ಅವು ನೀರನ್ನು ಹತ್ತಿರ ಸೇರಿಸಲಿಲ್ಲ, ಕೊಬ್ಬನ್ನು ಮೆತ್ತಿಸಿಕೊಂಡವು, ಕಣ್ಣಿಗೇ ಕಚ್ಚಿಕೊಂಡವು. ಸಿಲಿಕೋನನ್ನೂ ನೀರಿಗೊಲಿಯುವ ಜೆಲ್ಲನ್ನೂ ಒಂದೇ ವಸ್ತುವಿನಲ್ಲಿ ಬೆಸೆದ ಸಿಲಿಕೋನ್ ಹೈಡ್ರೊಜೆಲ್ ಲೆನ್ಸ್‌ಗಳು ಮಾರುಕಟ್ಟೆಗೆ ಬಂದದ್ದು 1999ರಲ್ಲಿ. ಎಣ್ಣೆಯನ್ನೂ ನೀರನ್ನೂ ಬೆರೆಸಿಯೂ ಗಾಜಿನಂತೆ ತಿಳಿಯಾಗಿ ಉಳಿಸುವುದು ಸಣ್ಣ ಸಾಧನೆಯಲ್ಲ. ಆದರೆ ಬೆರೆಸಿದ ಮಾತ್ರಕ್ಕೆ ಸಿಲಿಕೋನ್ ತನ್ನ ಗುಣ ಬಿಡುತ್ತದೆಯೇ?

ಬಿಡುವುದಿಲ್ಲ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಕೈಕೈ ಹಿಡಿದ ಸರಪಳಿ ಎಷ್ಟು ಸಡಿಲವೆಂದರೆ, ಅದು ಸೆಟೆದು ನಿಲ್ಲಬೇಕಾದರೆ ಸೊನ್ನೆಗಿಂತ 120 ಡಿಗ್ರಿ ಕೆಳಗಿನ ಚಳಿ ಬೇಕು. ಕಣ್ಣಿನ ಬೆಚ್ಚನೆಯ ತಾಪಮಾನದಲ್ಲಿ ಅದು ಹಾವಿನಂತೆ ಹೊರಳುತ್ತಲೇ ಇರುತ್ತದೆ. ಮೇಲ್ಮೈಗೆ ನೀರು ತಾಗಿದ್ದರೆ ನೀರಿಗೆ ಪ್ರಿಯವಾದ ಗುಂಪುಗಳು ಹೊರಗೆ ಮುಖ ಮಾಡುತ್ತವೆ. ಗಾಳಿ ತಾಗಿತೋ, ಅವು ಒಳಗೆ ಸರಿದು ನೀರನ್ನು ದೂರವಿಡುವ ಮೀಥೈಲ್ ಗುಂಪುಗಳು ಮೇಲೆ ಬರುತ್ತವೆ. ಇದು ಸಿಲಿಕೋನಿಗೆ ಮಾತ್ರ ಅಂಟಿದ ಚಾಳಿ ಅಲ್ಲ. ಸಾಧುಸ್ವಭಾವದ ಪಾಲಿಹೆಮಾ ಕೂಡ ನೀರಿನಲ್ಲಿ ಒಂದು ಮುಖ, ಗಾಳಿಯಲ್ಲಿ ಇನ್ನೊಂದು ಮುಖ ತೋರಿಸುತ್ತದೆ ಎಂದು ಹಾಲಿ ಮತ್ತು ರೆಫೋಜೊ ಎಂಬ ಸಂಶೋಧಕರು 1975ರಲ್ಲೇ ಬರೆದಿದ್ದರು. ಸಿಲಿಕೋನಿನಲ್ಲಿ ಅದು ಇನ್ನಷ್ಟು ಜೋರು, ಅಷ್ಟೆ.

ಈಗ ನಿಮ್ಮ ಮಧ್ಯಾಹ್ನಕ್ಕೆ ಬರೋಣ. ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನ ಮುಂದೆ ಗದ್ದ ಊರಿ ಕೂತವರಿಗೆ ನಾನು ಹೇಳುವುದು ಒಂದೇ ಮಾತು: ಒಮ್ಮೆ ರೆಪ್ಪೆ ಬಡಿದು ಹಾಗೇ ತೆರೆದಿಡಿ. ಮೊದಲ ಕ್ಷಣ ಲೆನ್ಸಿನ ಮೇಲೆ ಬೆಳಕಿನ ಪ್ರತಿಬಿಂಬ ಕನ್ನಡಿಯಂತೆ ನುಣ್ಣಗಿರುತ್ತದೆ. ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತೇನೆ. ನಾಲ್ಕಕ್ಕೆಲ್ಲ ಎಲ್ಲೋ ಅಂಚಿನ ಕಡೆ ಒಂದು ಚುಕ್ಕೆ ಕಪ್ಪಾಗಿ ಕದಡುತ್ತದೆ. ಅದು ನೋಡನೋಡುತ್ತಿದ್ದಂತೆ ಅಗಲವಾಗಿ, ಪಕ್ಕದ ಇನ್ನೊಂದು ಚುಕ್ಕೆಯನ್ನು ಕೂಡಿಕೊಂಡು, ನುಣುಪಾಗಿದ್ದ ಪ್ರತಿಬಿಂಬ ಒಡೆದ ಮೊಟ್ಟೆಯ ಚಿಪ್ಪಿನಂತಾಗುತ್ತದೆ. ಕೂತವರಿಗೆ ಅದೇ ಹೊತ್ತಿಗೆ ಎದುರಿನ ಅಕ್ಷರ ಮಸುಕು. ರೆಪ್ಪೆ ಬಡಿದರೆ ಎಲ್ಲ ಮತ್ತೆ ನುಣ್ಣಗೆ. ಇದನ್ನು ಮೂರು ಬಾರಿ ಮಾಡಿಸಿದರೆ ಒಂದು ಸಂಗತಿ ಹೊಳೆಯುತ್ತದೆ: ಚುಕ್ಕೆ ಬಹಳಷ್ಟು ಸಲ ಅದೇ ಜಾಗದಲ್ಲಿ ಹುಟ್ಟುತ್ತದೆ. ಒಮ್ಮೆ ಪದರ ಒಡೆದ ಜಾಗಕ್ಕೆ ಗಾಳಿ ತಾಗಿದೆ, ಅಲ್ಲಿನ ಸರಪಳಿಗಳು ಹೊರಳಿವೆ, ಕಣ್ಣೀರಿನ ಕೊಬ್ಬು ಅಲ್ಲಿ ಕಚ್ಚಿಕೊಂಡಿದೆ. ಮುಂದಿನ ಪದರ ಅಲ್ಲೇ ಇನ್ನೂ ಬೇಗ ಒಡೆಯುತ್ತದೆ. ಹೀಗೆ ಬೆಳಗ್ಗೆ ಸಾಸಿವೆಯಷ್ಟಿದ್ದ ತೊಂದರೆ ಸಂಜೆಗೆ ಬೆಟ್ಟವಾಗುತ್ತದೆ. ಲೆನ್ಸ್ ಇಲ್ಲದ ಆರೋಗ್ಯವಂತ ಕಣ್ಣಿನಲ್ಲಿ ಪದರ 10 ಸೆಕೆಂಡಿಗಿಂತ ಹೆಚ್ಚು ತಾಳುವುದು ಸಾಮಾನ್ಯ. ಲೆನ್ಸಿನ ಮೇಲೆ ಅದರ ಅರ್ಧದಷ್ಟು ತಾಳಿದರೂ ಪರವಾಗಿಲ್ಲ ಎನ್ನುತ್ತೇನೆ.

ಮೇಲ್ಮೈಯನ್ನು ಒಲಿಸಿಕೊಳ್ಳಲು ಕಾರ್ಖಾನೆಗಳು ಏನೇನು ಮಾಡಿವೆ ಎಂಬುದು, ನನ್ನನ್ನು ಕೇಳಿದರೆ, ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ. 1999ರ ಎರಡೂ ಲೆನ್ಸ್‌ಗಳು ಪ್ಲಾಸ್ಮಾವನ್ನು, ಅಂದರೆ ವಿದ್ಯುದಂಶ ತುಂಬಿದ ಅನಿಲವನ್ನು, ನಂಬಿದ್ದವು, ಆದರೆ ಬೇರೆ ಬೇರೆ ರೀತಿಯಲ್ಲಿ. ಪ್ಯೂರ್‌ವಿಷನ್ ಲೆನ್ಸಿನಲ್ಲಿ ಮೇಲಿನ ಸಿಲಿಕೋನನ್ನು ಉತ್ಕರ್ಷಿಸಿ ಗಾಜಿನಂಥ ಸಿಲಿಕೇಟ್ ಆಗಿಸಿದರು. ಅದು ಇಡೀ ಲೆನ್ಸನ್ನು ಮುಚ್ಚುವುದಿಲ್ಲ. ದ್ವೀಪಗಳಂತೆ ಅಲ್ಲಲ್ಲಿ ಕೂರುತ್ತದೆ, ನಡುವಿನ ಸಂದುಗಳನ್ನು ದ್ವೀಪಗಳ ನೀರಿನ ಪದರವೇ ದಾಟಿಕೊಳ್ಳಬೇಕು. ಫೋಕಸ್ ನೈಟ್ ಅಂಡ್ ಡೇ ಲೆನ್ಸಿನಲ್ಲಿ ಸುಮಾರು 25 ನ್ಯಾನೊಮೀಟರ್ ದಪ್ಪದ ಅಖಂಡ ಲೇಪವನ್ನೇ ಹೊದಿಸಿದರು. ಸಡಿಲ ಸರಪಳಿಗಳು ಹೊರಳಿ ಮೇಲೆ ಬಾರದಂತೆ ಹಾಕಿದ ಮುಚ್ಚಳ ಅದು.

2004ರ ಹೊತ್ತಿಗೆ ಅಕ್ಯುವ್ಯೂ ಅಡ್ವಾನ್ಸ್ ಲೆನ್ಸಿನೊಂದಿಗೆ ಇನ್ನೊಂದು ಆಲೋಚನೆ ಬಂತು. ಹೊರಗೆ ಲೇಪ ಹಚ್ಚುವ ಬದಲು, ಎರಕ ಹೊಯ್ಯುವಾಗಲೇ ಪಾಲಿವಿನೈಲ್ ಪಿರೊಲಿಡೋನ್ ಎಂಬ ನೀರುಬಾಕ ಪಾಲಿಮರಿನ ಉದ್ದುದ್ದ ಎಳೆಗಳನ್ನು ಒಳಗೆ ಸಿಕ್ಕಿಸಿಬಿಡುವುದು. ಎಳೆಗಳು ಎಷ್ಟು ಉದ್ದವೆಂದರೆ ಬಲೆಯಿಂದ ಬಿಡಿಸಿಕೊಂಡು ಹೋಗಲಾರವು, ಆದರೆ ತುದಿಗಳು ಮೇಲ್ಮೈಯಲ್ಲಿ ನೀರು ಹಿಡಿದುಕೊಂಡು ನಿಲ್ಲುತ್ತವೆ. ರಸಾಯನಶಾಸ್ತ್ರ ಓದಿದ ನಿಮಗೆ ಈ ಎಳೆ ಹೊಸದಲ್ಲ: ಅಮೈಡ್ ಗುಂಪಿನ ಆಮ್ಲಜನಕ ನೀರಿನೊಂದಿಗೆ ಹೈಡ್ರೊಜನ್ ಬಂಧ ಮಾಡಿಕೊಳ್ಳುವ ಹಳೆಯ ಕತೆಯೇ. ಬಯೋಫಿನಿಟಿ ಲೆನ್ಸಿನವರು ಲೇಪವೂ ಬೇಡ, ಒಳಗೆ ಸೇರಿಸುವುದೂ ಬೇಡ ಎಂದು ಸಿಲಿಕೋನ್ ಭಾಗದ ರಚನೆಯನ್ನೇ ಬದಲಾಯಿಸಿದರು.

ಅನಂತರ ಬಂದದ್ದು ನೀರಿನಂಶವೇ ಒಳಗಿನಿಂದ ಹೊರಗೆ ಏರುತ್ತ ಹೋಗುವ ಲೆನ್ಸ್. ಡೈಲೀಸ್ ಟೋಟಲ್ 1ರ ತಿರುಳಿನಲ್ಲಿ ನೀರು 33%, ಮೇಲ್ಮೈಯಲ್ಲಿ 80% ಮೀರಿ. ಕೊಡದ ಉಪಮೆಯನ್ನೇ ಮುಂದುವರಿಸುವುದಾದರೆ, ನೀರನ್ನು ಒಳಗಿಡುವ ಬದಲು ಹೊರಮೈಗೇ ಒದ್ದೆ ಬಟ್ಟೆ ಸುತ್ತಿದಂತೆ. ಇತ್ತೀಚೆಗೆ ಬಂದ, ತಿಂಗಳಿಗೊಮ್ಮೆ ಬದಲಾಯಿಸುವ ಲೆನ್ಸ್ ಟೋಟಲ್ 30ರಲ್ಲಿ ಜೀವಕೋಶದ ಪೊರೆಯಲ್ಲಿರುವ ಫಾಸ್ಫೊರಿಲ್ ಕೋಲಿನ್ ಗುಂಪನ್ನು ಹೊತ್ತ ಪಾಲಿಮರ್ ಕುಚ್ಚುಗಳನ್ನು ಮೇಲ್ಮೈಗೆ ನೆಟ್ಟಿದ್ದಾರೆ. ಆ ಗುಂಪಿನಲ್ಲಿ ಧನ ಮತ್ತು ಋಣ ವಿದ್ಯುದಂಶ ಎರಡೂ ಅಕ್ಕಪಕ್ಕದಲ್ಲಿವೆ. ಒಟ್ಟಾರೆ ತಟಸ್ಥ, ಆದರೆ ನೀರನ್ನು ಬಿಗಿಯಾಗಿ ಅಪ್ಪಿ ಹಿಡಿಯುತ್ತದೆ. ನೀರು ಅಷ್ಟು ಬಿಗಿಯಾಗಿ ಕೂತಲ್ಲಿ ಪ್ರೋಟೀನಿಗೂ ಕೊಬ್ಬಿಗೂ ಕಾಲೂರಲು ಜಾಗ ಸಿಗುವುದಿಲ್ಲ. ಹೈಲುರಾನಿಕ್ ಆಮ್ಲವನ್ನು ಮೇಲ್ಮೈಗೆ ರಾಸಾಯನಿಕವಾಗಿ ಬೆಸೆಯುವ, ವಿರುದ್ಧ ವಿದ್ಯುದಂಶದ ಪಾಲಿಮರುಗಳನ್ನು ಒಂದರ ಮೇಲೊಂದು ಪದರವಾಗಿ ಕೂರಿಸುವ ಪ್ರಯತ್ನಗಳೂ ಪ್ರಯೋಗಾಲಯಗಳಲ್ಲಿ ನಡೆದಿವೆ.

ಇಲ್ಲೊಂದು ಎಚ್ಚರಿಕೆ. ‘ನಮ್ಮ ಲೆನ್ಸಿನ ಸ್ಪರ್ಶಕೋನ ಇಷ್ಟು ಕಡಿಮೆ’ ಎಂಬ ಜಾಹೀರಾತು ಕಂಡರೆ, ಹೇಗೆ ಅಳೆದಿರಿ ಎಂದು ಕೇಳಬೇಕು. ಒರೆಸಿದ ಲೆನ್ಸಿನ ಮೇಲೆ ಹನಿ ಇಟ್ಟು ಅಳೆದರೆ ಬರುವ ಸಂಖ್ಯೆಯೇ ಬೇರೆ, ಲೆನ್ಸನ್ನು ದ್ರಾವಣದಲ್ಲಿ ಮುಳುಗಿಸಿ ಕೆಳಗಿನಿಂದ ಗಾಳಿಗುಳ್ಳೆ ಅಂಟಿಸಿ ಅಳೆದರೆ ಬರುವುದೇ ಬೇರೆ. ಎರಡನೆಯದರಲ್ಲಿ ಸರಪಳಿಗಳೆಲ್ಲ ನೀರಿನತ್ತ ಮುಖ ಮಾಡಿ ಸಭ್ಯವಾಗಿ ಕೂತಿರುವುದರಿಂದ ಯಾವ ಲೆನ್ಸೂ ಚೆನ್ನಾಗಿಯೇ ಕಾಣುತ್ತದೆ. ನನಗೆ ಬೇಕಾಗುವುದು ನೀರು ಮುಂದೊತ್ತುವಾಗಿನ ಕೋನ ಮತ್ತು ಹಿಂದೆ ಸರಿಯುವಾಗಿನ ಕೋನ, ಇವೆರಡರ ಅಂತರ. ಅಂತರ ಹೆಚ್ಚಿದ್ದರೆ ಆ ಮೇಲ್ಮೈ ಗಾಳಿ ತಾಗಿದಾಗ ಬಣ್ಣ ಬದಲಿಸುವ ಜಾತಿಯದು ಎಂದು ಅರ್ಥ. ಇನ್ನೊಂದು ಮಾತು: ಪೊಟ್ಟಣದ ದ್ರಾವಣಕ್ಕೇ ಒಂದಿಷ್ಟು ಸರ್ಫ್ಯಾಕ್ಟಂಟ್, ಅಂದರೆ ಮೇಲ್ಮೈ ಎಳೆತ ತಗ್ಗಿಸುವ ಸಾಬೂನಿನಂಥ ವಸ್ತು, ಬೆರೆಸಿರುವುದುಂಟು. ಹೊಸ ಲೆನ್ಸನ್ನು ನೇರವಾಗಿ ಅಳೆದರೆ ಕಾಣುವ ಸೊಗಸು ಅದರದ್ದು, ಲವಣಜಲದಲ್ಲಿ ನಾಲ್ಕು ಸಲ ಜಾಲಾಡಿದರೆ ಹೋಗಿಬಿಡುತ್ತದೆ. ಹೊಸ ಲೆನ್ಸ್ ಹಾಕಿದ ಮೊದಲ ಅರ್ಧ ಗಂಟೆಯ ಹಿತವನ್ನು ನೋಡಿ ತೀರ್ಪು ಕೊಡಬೇಡಿ ಎನ್ನುವುದು ಇದಕ್ಕೇ.

ಹಾಗಾದರೆ ಎರಡನೆಯ ವಾರದಲ್ಲಿ ಏನಾಗುತ್ತದೆ? ಕಣ್ಣಿಗೆ ಹೋದ ಕೆಲವೇ ನಿಮಿಷಗಳಲ್ಲಿ ಕಣ್ಣೀರಿನ ಪ್ರೋಟೀನುಗಳು ಲೆನ್ಸಿನ ಮೇಲೆ ಕೂರುತ್ತವೆ. ಅದು ಕೆಟ್ಟದ್ದೇನೂ ಅಲ್ಲ. ಮೊದಮೊದಲು ಆ ತೆಳು ಹೊದಿಕೆ ಮೇಲ್ಮೈಯನ್ನು ಇನ್ನಷ್ಟು ಒದ್ದೆಯಾಗಿಸುವುದೂ ಉಂಟು. ದಿನಕಳೆದಂತೆ ಅವು ಮಡಿಕೆ ಬಿಚ್ಚಿಕೊಂಡು ಕೆಡುತ್ತವೆ. ವಿದ್ಯುದಂಶ ಹೊತ್ತ ಹಳೆಯ ಹೈಡ್ರೊಜೆಲ್ ಲೆನ್ಸ್‌ಗಳಿಗೆ ಲೈಸೊಜೈಮ್ ಪ್ರೋಟೀನು ಹೇರಳವಾಗಿ ಅಂಟುತ್ತಿತ್ತು. ಸಿಲಿಕೋನ್ ಹೈಡ್ರೊಜೆಲ್‌ಗೆ ಅಂಟುವ ಪ್ರೋಟೀನು ಕಡಿಮೆ, ಆದರೆ ಅದರಲ್ಲಿ ಕೆಟ್ಟುಹೋಗುವ ಪಾಲು ಹೆಚ್ಚು. ಇದರ ನಿಜವಾದ ಶತ್ರು ಕೊಬ್ಬು. ನೀರಿಗೆ ಮುಖ ತಿರುಗಿಸುವ ಜಾಗಗಳಿಗೆ ಕೊಬ್ಬು ಕಚ್ಚಿಕೊಳ್ಳುತ್ತದೆ, ಕೊಬ್ಬು ಕಚ್ಚಿದ ಜಾಗ ಇನ್ನಷ್ಟು ಮುಖ ತಿರುಗಿಸುತ್ತದೆ. ಇದರ ಜೊತೆಗೆ ಬೆರಳಿನಿಂದ ಬರುವ ಕೊಡುಗೆ ಬೇರೆ: ಕೈಗೆ ಹಚ್ಚಿದ ಕ್ರೀಮು, ಸುಗಂಧದ ಸಾಬೂನು ಬಿಟ್ಟುಹೋದ ಜಿಡ್ಡು, ರೆಪ್ಪೆಯ ಬಣ್ಣ. ಒಮ್ಮೆ ಒಬ್ಬರು ಒಂದೇ ಕಣ್ಣಿನ ಲೆನ್ಸ್ ಸದಾ ಮಬ್ಬಾಗುತ್ತದೆ ಎಂದು ಬಂದಿದ್ದರು. ಲೆನ್ಸ್ ಬದಲಾಯಿಸಿದೆವು, ದ್ರಾವಣ ಬದಲಾಯಿಸಿದೆವು, ಏನೂ ಆಗಲಿಲ್ಲ. ಕೊನೆಗೆ ನನ್ನ ಮುಂದೆಯೇ ಹಾಕಿ ತೋರಿಸಿ ಎಂದಾಗ ಗೊತ್ತಾಯಿತು. ಎಡಗೈ ಬೆರಳಲ್ಲಿ ಚರ್ಮದ ಬಿರುಕಿಗೆ ಮುಲಾಮು ಹಚ್ಚುತ್ತಿದ್ದರು, ಎಡಗಣ್ಣಿನ ಲೆನ್ಸನ್ನು ಅದೇ ಬೆರಳಿನಿಂದ ಇಡುತ್ತಿದ್ದರು. ಕೈ ತೊಳೆದ ಮೇಲೂ ಉಳಿಯುವ ಜಿಡ್ಡು ಸಾಕಿತ್ತು.

ನೀವು ಮಾಡಬಹುದಾದ ಕೆಲಸಗಳಲ್ಲಿ ಮೊದಲ ಸ್ಥಾನ ಉಜ್ಜುವುದಕ್ಕೆ. ಉಜ್ಜದೆ ನೆನೆಸಿಟ್ಟರೆ ಸಾಕು ಎನ್ನುವ ದ್ರಾವಣಗಳೂ ಬಂದಿವೆ. ನಾನು ಅವನ್ನು ನಂಬುವವನಲ್ಲ. ಸುಗಂಧವಿಲ್ಲದ, ಕ್ರೀಮು ಬೆರೆಸದ ಸಾಬೂನಿನಿಂದ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಲೆನ್ಸನ್ನು ಅಂಗೈಯಲ್ಲಿಟ್ಟು ಬಹೂಪಯೋಗಿ ದ್ರಾವಣದ ಕೆಲವು ಹನಿ ಹಾಕಿ, ಬೆರಳ ಮೆತ್ತನೆಯ ಭಾಗದಿಂದ ಹಿಂದೆ ಮುಂದೆ ನಯವಾಗಿ, ಒಂದೊಂದು ಬದಿಗೆ 10ರಿಂದ 20 ಸೆಕೆಂಡು ಉಜ್ಜಿ. ಸುತ್ತಲೂ ತಿರುಗಿಸಿ ಉಜ್ಜಿದರೆ ಅಂಚು ಹರಿಯಬಹುದು. ಅನಂತರ ಹೊಸ ದ್ರಾವಣದಿಂದ ಧಾರಾಳವಾಗಿ ತೊಳೆದು, ಡಬ್ಬಿಯ ಹಳೆಯ ದ್ರಾವಣವನ್ನು ಪೂರ್ತಿ ಚೆಲ್ಲಿ ಹೊಸದನ್ನು ತುಂಬಿ ಅದರಲ್ಲಿಡಿ. ಇದನ್ನು ರಾತ್ರಿ ಲೆನ್ಸ್ ತೆಗೆದ ಕೂಡಲೇ ಮಾಡಬೇಕು. ಬೆಳಗ್ಗೆ ಮಾಡಿದರಾಯಿತು ಎಂದರೆ ಕೊಳೆ ರಾತ್ರಿಯೆಲ್ಲ ನೆಲೆಯೂರಿರುತ್ತದೆ. ಎರಡನೆಯ ವಾರದ ತೊಂದರೆ ಹೇಳಿಕೊಂಡು ಬಂದ ಹಲವರಿಗೆ ಇಷ್ಟೇ ಸಾಕಾಗಿದೆ.

ದ್ರಾವಣದ ಆಯ್ಕೆಯೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಪೋಲೊಕ್ಸಮೈನ್, ಪೋಲೊಕ್ಸಮರ್ ಥರದ ಸರ್ಫ್ಯಾಕ್ಟಂಟುಗಳಿರುತ್ತವೆ. ಇವುಗಳ ಅಣುವಿನಲ್ಲಿ ನೀರಿಗೆ ಹೆದರುವ ತುಂಡು ನಡುವೆ, ನೀರಿಗೊಲಿಯುವ ತುಂಡುಗಳು ತುದಿಗಳಲ್ಲಿ. ನಡುವಿನ ತುಂಡು ಸಿಲಿಕೋನಿನ ಮುನಿಸಿಕೊಂಡ ಜಾಗವನ್ನು ಹುಡುಕಿ ಅಪ್ಪಿಕೊಳ್ಳುತ್ತದೆ, ತುದಿಗಳು ಕಣ್ಣೀರಿನತ್ತ ಕೈ ಚಾಚುತ್ತವೆ. ಮನೆಯಲ್ಲೇ ಮೇಲ್ಮೈಯನ್ನು ಒದ್ದೆಯಾಗಿಸುವ ಉಪಾಯ ಕೇಳಿದಿರಲ್ಲ, ನಿಜವಾದ ಉಪಾಯ ಇದೇ. ಪ್ರತಿ ರಾತ್ರಿ ನಿಮ್ಮ ಡಬ್ಬಿಯಲ್ಲಿ ಅದು ನಡೆಯುತ್ತಿದೆ, ಕೊಳೆ ಉಜ್ಜಿ ತೆಗೆದು ಜಾಗ ಮಾಡಿಕೊಟ್ಟರೆ. ಕೆಲವು ದ್ರಾವಣಗಳಲ್ಲಿ ಹೈಲುರಾನಿಕ್ ಆಮ್ಲವೂ ಇರುತ್ತದೆ. ಈ ಹೊದಿಕೆ ಶಾಶ್ವತವಲ್ಲ, ಗಂಟೆಗಳ ಲೆಕ್ಕದಲ್ಲಿ ಕರಗುತ್ತದೆ. 3% ಹೈಡ್ರೊಜನ್ ಪೆರಾಕ್ಸೈಡ್ ವ್ಯವಸ್ಥೆ ಇನ್ನೊಂದು ಒಳ್ಳೆಯ ದಾರಿ. ಸಂರಕ್ಷಕಗಳ ಕಿರಿಕಿರಿ ಇರುವವರಿಗೆ ಅದನ್ನೇ ಹೇಳುತ್ತೇನೆ. ಅದನ್ನು ಅದರದೇ ಡಬ್ಬಿಯಲ್ಲಿ, ಪ್ಲಾಟಿನಂ ಬಿಲ್ಲೆಯೊಂದಿಗೆ, ಚೀಟಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 6 ಗಂಟೆ, ಬಿಡಲೇಬೇಕು. ಅವಸರಪಟ್ಟು ನೇರವಾಗಿ ಕಣ್ಣಿಗೆ ಹಾಕಿಕೊಂಡವರು ಇನ್ನೊಮ್ಮೆ ಆ ತಪ್ಪು ಮಾಡುವುದಿಲ್ಲ.

ಶಾಂಪೂ ಏಕೆ ಬೇಡ ಎಂಬುದು ಈಗ ನಿಮಗೇ ಹೊಳೆದಿರಬೇಕು. ಅದೂ ಸರ್ಫ್ಯಾಕ್ಟಂಟೇ. ಆದರೆ ಲೆನ್ಸಿನ ದ್ರಾವಣದಲ್ಲಿರುವುದು ದೊಡ್ಡ ಅಣು, ಮೇಲೆಯೇ ಕೂರುತ್ತದೆ. ಶಾಂಪೂವಿನದು ಸಣ್ಣ ಅಣು, ಸ್ಪಂಜಿನಂಥ ಜೆಲ್ಲಿನೊಳಗೆ ನುಗ್ಗುತ್ತದೆ. ಸುಗಂಧ, ಬಣ್ಣ, ಸಂರಕ್ಷಕ ಎಲ್ಲವೂ ಜೊತೆಗೆ ಹೋಗುತ್ತವೆ. ತೊಳೆದಾಗ ಹೊರಗಿನದು ಹೋಗಿ ಲೆನ್ಸ್ ಹೊಳೆಯುತ್ತದೆ, ಒಳಗಿನದು ದಿನವಿಡೀ ಕಣ್ಣಿಗೆ ಜಿನುಗುತ್ತದೆ. ಕೊಬ್ಬಿನ ಪದರವನ್ನು ಅದು ಲೆನ್ಸಿನಿಂದ ತೆಗೆದಂತೆಯೇ ನಿಮ್ಮ ಕಣ್ಣೀರಿನಿಂದಲೂ ತೆಗೆಯುತ್ತದೆ. ನಲ್ಲಿಯ ನೀರು ಇನ್ನೂ ಅಪಾಯ. ಕುದಿಸಿ ಆರಿಸಿದ್ದು, ಬಾಟಲಿಯದ್ದು ಯಾವುದೂ ಬೇಡ. ಅಕಾಂತಮೀಬಾ ಎಂಬ ಏಕಕೋಶ ಜೀವಿ ನೀರಿನಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಅದು ಕಾರ್ನಿಯಾಕ್ಕೆ ಇಳಿದರೆ ತಿಂಗಳುಗಟ್ಟಲೆ ಔಷಧಿ, ಕೆಲವರಿಗೆ ದೃಷ್ಟಿಯೇ ಹೋಗುತ್ತದೆ. ಎಂಜಲಿನ ಬಗ್ಗೆ ಬರೆಯುವ ಅಗತ್ಯ ಬೀಳಬಾರದಿತ್ತು, ಆದರೂ ಬರೆಯುತ್ತೇನೆ: ಬೇಡ.

ಲೆನ್ಸ್ ಮೇಲೆಯೇ ಹಾಕುವ ಹನಿಗಳು ಕೆಲಸ ಮಾಡುತ್ತವೆ, ಸ್ವಲ್ಪ ಹೊತ್ತು. ‘ಲೆನ್ಸ್ ಧರಿಸಿರುವಾಗ ಬಳಸಬಹುದು’ ಎಂದು ಬರೆದಿರುವುದನ್ನೇ ಆರಿಸಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಇದ್ದರೆ ಬೇಡ, ಸಾಫ್ಟ್ ಲೆನ್ಸ್ ಅದನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಕೆಂಪು ಕಳೆಯುವ ಹನಿಗಳು ತೇವ ಕೊಡುವಂಥವಲ್ಲ. ಪದರ ಒಡೆದು ಉರಿ ಶುರುವಾದ ಮೇಲೆ ಹಾಕುವುದಕ್ಕಿಂತ, ನಿಮ್ಮ ತೊಂದರೆಯ ಹೊತ್ತು ಗೊತ್ತಿದೆಯಲ್ಲ, ಅದಕ್ಕೆ ಅರ್ಧ ಗಂಟೆ ಮೊದಲೇ ಹಾಕಿ ಎನ್ನುತ್ತೇನೆ.

ಲೆನ್ಸಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ನ್ಯಾಯವಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಬಡಿದರೂ ಅರ್ಧಕ್ಕೇ ಮೇಲೇಳುತ್ತೇವೆ. ಪೂರ್ತಿ ಮುಚ್ಚದ ರೆಪ್ಪೆ ಲೆನ್ಸಿನ ಕೆಳಗಿನ ಮೂರನೆಯ ಒಂದು ಭಾಗವನ್ನು ಒದ್ದೆ ಮಾಡುವುದೇ ಇಲ್ಲ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಟ್ಟರೆ ಕಣ್ಣು ತೆರೆಯುವ ಅಗಲ ಕಡಿಮೆಯಾಗುತ್ತದೆ, ಆವಿಯಾಗುವುದೂ ಕಡಿಮೆಯಾಗುತ್ತದೆ. ಮುಖಕ್ಕೆ ನೇರವಾಗಿ ಬೀಸುವ ಗಾಳಿಯನ್ನು ತಪ್ಪಿಸಿ. ಕಣ್ಣೀರಿನ ಕೊಬ್ಬಿನ ಪದರಕ್ಕೆ ಎಣ್ಣೆ ಒದಗಿಸುವ ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಕಟ್ಟಿಕೊಂಡಿದ್ದರೆ ಜಗತ್ತಿನ ಯಾವ ಲೆನ್ಸೂ ಸುಖ ಕೊಡುವುದಿಲ್ಲ. ಅದನ್ನು ತಪಾಸಣೆಯಲ್ಲಿ ನೋಡಿಸಿಕೊಳ್ಳಿ, ಬೆಚ್ಚನೆಯ ಶಾಖ ಕೊಡುವುದು ಅದಕ್ಕೆ ಮೊದಲ ಮದ್ದು. ಅಲರ್ಜಿಯ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಇಂಥವು ಕಣ್ಣನ್ನು ಒಣಗಿಸುತ್ತವೆ. ತೆಗೆದುಕೊಳ್ಳುತ್ತಿದ್ದರೆ ಹೇಳಲು ಮರೆಯಬೇಡಿ. ಮತ್ತೆ, ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವುದು, ಪಿಸಿರು ಇವು ಕಂಡರೆ ಅದು ಈ ಉತ್ತರದ ವ್ಯಾಪ್ತಿಯ ತೊಂದರೆ ಅಲ್ಲ. ಲೆನ್ಸ್ ತೆಗೆದಿಟ್ಟು ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು.

ನೀರಿನಂಶ ಹೆಚ್ಚಿರುವ ಲೆನ್ಸಿನ ಪ್ರಶ್ನೆಗೆ ಈಗ ನೇರ ಉತ್ತರ: ಅದೊಂದೇ ಕಾರಣಕ್ಕೆ ಬದಲಾಯಿಸಬೇಡಿ. ಹೆಚ್ಚು ನೀರು ಹೊತ್ತ ಸಾಮಾನ್ಯ ಹೈಡ್ರೊಜೆಲ್ ಲೆನ್ಸ್‌ಗಳು ಕಣ್ಣಿನ ಮೇಲೆ ಹೆಚ್ಚು ನೀರನ್ನೂ ಕಳೆದುಕೊಳ್ಳುತ್ತವೆ. ತೀರ ತೆಳುವಾಗಿದ್ದರಂತೂ ಮುಂದಿನಿಂದ ಹೋದ ನೀರನ್ನು ಹಿಂದಿನ ಕಾರ್ನಿಯಾದಿಂದ ಎಳೆದುಕೊಳ್ಳುತ್ತವೆ. ಇದಕ್ಕೆ ಅಪವಾದಗಳಿವೆ, ನೆಸೋಫಿಲ್ಕಾನ್ ಎ 78% ನೀರಿದ್ದೂ ಅದನ್ನು ಹಿಡಿದಿಟ್ಟುಕೊಳ್ಳುವಂತೆ ರೂಪಿಸಿದ ವಸ್ತು. ಸ್ಪರ್ಶಕೋನ ಕಡಿಮೆಯಿದ್ದರೆ ಹಿತ ಖಚಿತ ಎಂಬುದೂ ಸುಳ್ಳು. ಕೋನಕ್ಕಿಂತ ಜಾರುಗುಣವೇ ಹಿತಕ್ಕೆ ಹತ್ತಿರದ ನೆಂಟ ಎಂಬ ಅಭಿಪ್ರಾಯ ಈಚಿನ ವರ್ಷಗಳಲ್ಲಿ ಬಲವಾಗಿದೆ, ನನ್ನದೂ ಅದೇ. ನಿಮಿಷಕ್ಕೆ 12 ಬಾರಿ ಎಂದರೂ 14 ಗಂಟೆಗಳಲ್ಲಿ ರೆಪ್ಪೆಯ ಅಂಚು ಲೆನ್ಸಿನ ಮೇಲೆ 10,000 ಸಲ ಹಾದುಹೋಗುತ್ತದೆ. ಪದರ ಒಡೆದ ಮೈ ಮೇಲೆ ಅಷ್ಟು ಸಲ ಉಜ್ಜಿದರೆ ರೆಪ್ಪೆಯ ಒಳಅಂಚು ಸವೆಯುತ್ತದೆ. ಸಂಜೆಗೆ ‘ಕಣ್ಣೊಳಗೆ ಏನೋ ಇದೆ’ ಎನ್ನಿಸುವುದು ಬಹಳಷ್ಟು ಸಲ ಅದೇ.

ಹಾಗಾಗಿ ಮುಂದಿನ ಲೆನ್ಸಿನ ಹೊಸ ಜೋಡಿಯಿಂದ ಎರಡು ವಾರ, ಮೇಲೆ ಹೇಳಿದಂತೆ ರಾತ್ರಿ ಉಜ್ಜಿ ನೋಡಿ. ಸುಧಾರಿಸದಿದ್ದರೆ ದಿನಕ್ಕೊಂದು ಬಳಸಿ ಎಸೆಯುವ ಲೆನ್ಸನ್ನು, ಅದರಲ್ಲೂ ಮೇಲ್ಮೈಯಲ್ಲಿ ನೀರು ಹೆಚ್ಚಿರುವಂಥದ್ದನ್ನು ಪ್ರಯತ್ನಿಸುವ ಕಾಲ. ಕೊಬ್ಬು ಕೂರಲು ಎರಡನೆಯ ವಾರವೇ ಅದಕ್ಕೆ ಇರುವುದಿಲ್ಲ. ಎರಡು ಬಗೆಯ ಲೆನ್ಸ್‌ಗಳ ನಡುವೆ ಅನುಮಾನವಿದ್ದರೆ, ಲೆನ್ಸ್ ಕೊಡುವವರ ಹತ್ತಿರ ಎರಡೂ ಕಣ್ಣಿಗೆ ಬೇರೆ ಬೇರೆ ಬಗೆಯದನ್ನು ಪರೀಕ್ಷೆಗೆಂದು ಕೇಳಿ ಪಡೆಯಿರಿ. ಯಾವುದು ಯಾವ ಕಣ್ಣಿನಲ್ಲಿದೆ ಎಂದು ಅವರು ನಿಮಗೆ ಹೇಳದಿದ್ದರೆ ಇನ್ನೂ ಒಳ್ಳೆಯದು. ಸಂಜೆ ಯಾವ ಕಣ್ಣಿನ ಲೆನ್ಸ್ ಮೊದಲು ನೆನಪಿಗೆ ಬಂತು, ಎಷ್ಟು ಗಂಟೆಗೆ, ಅಷ್ಟನ್ನು ಒಂದು ವಾರ ಬರೆದಿಟ್ಟುಕೊಂಡು ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ.